ಇನ್ಸುಲಿನ್‌ಗೆ ಕರುಳಿನ ಅಪ್ಪಣೆ: ಹೊಸ ಸಕ್ಕರೆ ಚುಚ್ಚುಮದ್ದುಗಳನ್ನು ಅರಿಯುವ ಬಗೆ

ಗರ್ಭಿಣಿಯರಿಗೆ ಲ್ಯಾಬಿನಲ್ಲಿ 75 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿಗೆ ಬೆರೆಸಿ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ತೆಗೆಯುವುದು ಈಗ ಹೆಚ್ಚಿನ ಮನೆಗಳಿಗೆ ಗೊತ್ತು. ಆರೋಗ್ಯವಂತ ವ್ಯಕ್ತಿಯೊಬ್ಬರು ಹಾಗೆ ಗ್ಲೂಕೋಸ್ ಕುಡಿದಾಗ ರಕ್ತದ ಸಕ್ಕರೆ ಒಂದು ರೀತಿಯಲ್ಲಿ ಏರಿ ಇಳಿಯುತ್ತದೆ. ಬೇರೊಂದು ದಿನ ಅದೇ ವ್ಯಕ್ತಿಗೆ ಡ್ರಿಪ್ ಹಾಕಿ, ನೇರವಾಗಿ ರಕ್ತನಾಳಕ್ಕೆ ಗ್ಲೂಕೋಸ್ ಬಿಟ್ಟು, ಅದೇ ಏರಿಳಿತವನ್ನು ಹೆಚ್ಚುಕಡಿಮೆ ಆಗದಂತೆ ಮೂಡಿಸಬೇಕು ಎಂದುಕೊಳ್ಳಿ. ಅದಕ್ಕೆ 75 ಗ್ರಾಂ ಬೇಕಾಗುವುದಿಲ್ಲ, ಸುಮಾರು 25 ಗ್ರಾಂ ಸಾಕಾಗುತ್ತದೆ. ಇನ್ಸುಲಿನ್ ಅಳೆದು ನೋಡಿದರೆ ಇನ್ನೂ ಅಚ್ಚರಿ. ರಕ್ತದ ಸಕ್ಕರೆ ಎರಡೂ ದಿನ ಒಂದೇ ಮಟ್ಟದಲ್ಲಿದ್ದರೂ, ಬಾಯಿಯಿಂದ ಕುಡಿದ ದಿನ ಮೇದೋಜೀರಕ ಗ್ರಂಥಿ ಸುರಿಸಿದ ಇನ್ಸುಲಿನ್ ಎರಡು ಮೂರು ಪಟ್ಟು ಹೆಚ್ಚಿರುತ್ತದೆ.

ಸಕ್ಕರೆ ಏರಿದರೆ ಮೇದೋಜೀರಕ ಇನ್ಸುಲಿನ್ ಬಿಡುತ್ತದೆ ಎಂದು ಶಾಲೆಯಲ್ಲಿ ಓದಿದ್ದು ಸುಳ್ಳೇನಲ್ಲ, ಆದರೆ ಅದು ಅರ್ಧ ಮಾತು. ಊಟವಾದ ಮೇಲೆ ಹೊರಬರುವ ಇನ್ಸುಲಿನ್‌ನಲ್ಲಿ ಶೇ 50ರಿಂದ 70ರಷ್ಟು ಕರುಳಿನ ಹಾರ್ಮೋನ್‌ಗಳ ಪ್ರೇರಣೆಯಿಂದ ಬರುವಂಥದ್ದು. ವೈದ್ಯವಿಜ್ಞಾನ ಇದಕ್ಕೆ ಇನ್‌ಕ್ರೆಟಿನ್ ಪರಿಣಾಮ ಎನ್ನುತ್ತದೆ. ಇವತ್ತು ಪತ್ರಿಕೆಗಳಲ್ಲಿ, ರೀಲ್ಸ್‌ಗಳಲ್ಲಿ ‘ತೂಕ ಇಳಿಸುವ ಇಂಜೆಕ್ಷನ್’ ಎಂದು ಹೆಸರಾಗಿರುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ಗಳು ಈ ಪರಿಣಾಮದ ಬೆನ್ನು ಹತ್ತಿ ಬಂದ ಔಷಧಗಳು. ತೂಕದ ಮಾತಷ್ಟೇ ಆಡುತ್ತಾ ಹೋದರೆ ಸಕ್ಕರೆ ಕಾಯಿಲೆಯವರಿಗೆ ಬಹಳ ಮುಖ್ಯವಾದ ಸಂಗತಿಯೊಂದು ಮರೆಯಾಗುತ್ತದೆ: ಈ ಔಷಧಗಳು ಮೇದೋಜೀರಕಕ್ಕೆ ಹೇಳಿ ಕೆಲಸ ಮಾಡಿಸುತ್ತವೆಯೇ ಹೊರತು ಅದರ ಕೆಲಸವನ್ನು ತಾವು ಮಾಡುವುದಿಲ್ಲ. ಹೇಳಿದ್ದನ್ನು ಕೇಳಿಸಿಕೊಳ್ಳಲು ಅಲ್ಲಿ ಜೀವಂತ ಕೋಶಗಳು ಇರಬೇಕು.

ಕರುಳು ಮತ್ತು ಮೇದೋಜೀರಕದ ನಡುವೆ ರಕ್ತದ ಮೂಲಕ ಸಂದೇಶ ಹೋಗುತ್ತದೆ ಎಂಬುದು ಮೊದಲು ಸಾಬೀತಾದದ್ದು 1902ರಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ. ಜೀರ್ಣಾಂಗಗಳನ್ನು ಆಳುವುದು ನರಗಳು ಎಂಬ ರಷ್ಯಾದ ಪಾವ್ಲೋವ್ ಅವರ ವಾದವೇ ಆಗ ನಡೆಯುತ್ತಿತ್ತು. ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯೊಂದರ ಸಣ್ಣ ಕರುಳಿನ ತುಂಡಿಗೆ ಬರುವ ನರಗಳನ್ನೆಲ್ಲ ಕತ್ತರಿಸಿ, ರಕ್ತನಾಳಗಳನ್ನು ಮಾತ್ರ ಉಳಿಸಿ, ಒಳಕ್ಕೆ ಆಮ್ಲ ಬಿಟ್ಟರು. ನರದ ಸಂಪರ್ಕ ಇಲ್ಲದಿದ್ದರೂ ಮೇದೋಜೀರಕದಿಂದ ರಸ ಸುರಿಯಿತು. ಕರುಳಿನ ಒಳಪದರವನ್ನು ಕೆರೆದು, ಆಮ್ಲದಲ್ಲಿ ಅರೆದು, ಸೋಸಿ ರಕ್ತಕ್ಕೆ ಚುಚ್ಚಿದಾಗಲೂ ಅದೇ ಆಯಿತು. ಆ ವಸ್ತುವಿಗೆ ಅವರು ಸೆಕ್ರೆಟಿನ್ ಎಂದು ಹೆಸರಿಟ್ಟರು. ‘ಹಾರ್ಮೋನ್’ ಎಂಬ ಪದವನ್ನು ಸ್ಟಾರ್ಲಿಂಗ್ ಬಳಕೆಗೆ ತಂದದ್ದು ಇದಾದ ಮೂರು ವರ್ಷಕ್ಕೆ. ಅಂದರೆ ಹಾರ್ಮೋನ್ ಎಂಬ ಕಲ್ಪನೆಯೇ ಕರುಳು-ಮೇದೋಜೀರಕದ ನಂಟಿನಿಂದ ಹುಟ್ಟಿದ್ದು.

ಸೆಕ್ರೆಟಿನ್ ಹೊರಡಿಸಿದ್ದು ಜೀರ್ಣರಸವನ್ನು. ಹಾಗಾದರೆ ಸಕ್ಕರೆಯನ್ನು ಹತೋಟಿಯಲ್ಲಿಡುವ ಒಳಸ್ರಾವಕ್ಕೂ ಕರುಳಿನಿಂದ ಪ್ರೇರಣೆ ಇರಬಹುದಲ್ಲವೇ? ಇನ್ಸುಲಿನ್ ಪತ್ತೆಯಾಗುವುದಕ್ಕೆ 15 ವರ್ಷ ಮೊದಲೇ, 1906ರಲ್ಲಿ, ಲಿವರ್‌ಪೂಲ್‌ನ ಬೆಂಜಮಿನ್ ಮೂರ್ ಮತ್ತು ಸಂಗಡಿಗರು ಹೀಗೆ ಯೋಚಿಸಿ, ಕರುಳಿನ ಸಾರವನ್ನು ಸಕ್ಕರೆ ರೋಗಿಗಳಿಗೆ ಕುಡಿಸಿ ನೋಡಿದ್ದರು. ಫಲ ಸ್ಥಿರವಾಗಿ ಸಿಗಲಿಲ್ಲ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿದ ಮೇಲೆ ಎಲ್ಲರ ಗಮನ ಅತ್ತಲೇ ಹರಿಯಿತು. 1932ರಲ್ಲಿ ಬೆಲ್ಜಿಯಂನ ಲಾ ಬಾರ್ ಕರುಳಿನ ಈ ವಸ್ತುವಿಗೆ ಇನ್‌ಕ್ರೆಟಿನ್ ಎಂಬ ಹೆಸರನ್ನು ಕೊಟ್ಟರೂ, ಅಳೆದು ತೋರಿಸುವ ದಾರಿ ಇರಲಿಲ್ಲ. ರಕ್ತದಲ್ಲಿರುವ ಅತ್ಯಲ್ಪ ಪ್ರಮಾಣದ ಇನ್ಸುಲಿನ್ ಅನ್ನು ಅಳೆಯುವ ವಿಧಾನವನ್ನು ರೊಸಾಲಿನ್ ಯಾಲೊ ಮತ್ತು ಸೊಲೊಮನ್ ಬರ್ಸನ್ 1960ರಲ್ಲಿ ಕೊಟ್ಟರು. ನಾಲ್ಕೇ ವರ್ಷದಲ್ಲಿ ಕರುಳಿಗೆ ಹಾಕಿದ ಗ್ಲೂಕೋಸ್ ರಕ್ತಕ್ಕೆ ಹಾಕಿದ್ದಕ್ಕಿಂತ ಹೆಚ್ಚು ಇನ್ಸುಲಿನ್ ಹೊರಡಿಸುತ್ತದೆ ಎಂಬುದು ಅಂಕಿಗಳಲ್ಲಿ ಸಿಕ್ಕಿತು. ಮೊದಲು ಹೇಳಿದ ಡ್ರಿಪ್ ಪ್ರಯೋಗದ ಮೂಲ ಅಲ್ಲಿದೆ.

ಈ ಕೆಲಸ ಮಾಡುವ ಹಾರ್ಮೋನ್‌ಗಳು ಮುಖ್ಯವಾಗಿ ಎರಡು. ಜಠರ ದಾಟಿದ ಕೂಡಲೇ ಸಿಗುವ ಸಣ್ಣ ಕರುಳಿನ ಮೇಲ್ಭಾಗದಲ್ಲಿ ‘ಕೆ’ ಕೋಶಗಳು ಹೆಚ್ಚು. ಅವು ಜಿಐಪಿ ಎಂಬ ಹಾರ್ಮೋನ್ ಬಿಡುತ್ತವೆ. ಸಣ್ಣ ಕರುಳಿನ ಕೊನೆ ಮತ್ತು ದೊಡ್ಡ ಕರುಳಿನ ಕಡೆ ಹೋದಂತೆ ‘ಎಲ್’ ಕೋಶಗಳು ಹೆಚ್ಚುತ್ತವೆ, ಅವುಗಳದ್ದು ಜಿಎಲ್‌ಪಿ-1. ಆಹಾರದ ಸಕ್ಕರೆ, ಕೊಬ್ಬು, ಪ್ರೋಟೀನು ಇವನ್ನೆಲ್ಲ ಈ ಕೋಶಗಳು ಮುಟ್ಟಿ ಗುರುತಿಸುತ್ತವೆ. ಗ್ಲೂಕೋಸ್ ಕರುಳಿನಿಂದ ಒಳಗೆ ಹೀರಲ್ಪಡುವ ದ್ವಾರವೇ ಇವಕ್ಕೆ ಸುಳಿವು ಕೊಡುವ ಜಾಗವೂ ಹೌದು, ಹಾಗಾಗಿ ಎಷ್ಟು ವೇಗವಾಗಿ ಸಕ್ಕರೆ ಒಳಬರುತ್ತಿದೆಯೋ ಅಷ್ಟಕ್ಕೆ ತಕ್ಕಂತೆ ಹಾರ್ಮೋನ್ ಹೊರಡುತ್ತದೆ.

ಜಿಎಲ್‌ಪಿ-1 ಕೈಗೆ ಸಿಕ್ಕಿದ ಕಥೆ ಸುತ್ತುಬಳಸಿನದು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಜೋಯೆಲ್ ಹ್ಯಾಬೆನರ್ ತಂಡ ಹುಡುಕುತ್ತಿದ್ದದ್ದು ಗ್ಲುಕಗಾನ್ ಎಂಬ ಬೇರೆಯದೇ ಹಾರ್ಮೋನಿನ ಜೀನ್ ಅನ್ನು, ಅದೂ ಆಂಗ್ಲರ್ ಎಂಬ ಸಮುದ್ರ ಮೀನಿನಲ್ಲಿ. ಆ ಜೀನಿನಲ್ಲಿ ಗ್ಲುಕಗಾನ್ ಜೊತೆಗೆ ಅದನ್ನೇ ಹೋಲುವ ಇನ್ನೊಂದು ತುಣುಕು ಅಡಗಿತ್ತು. ಸಸ್ತನಿಗಳಲ್ಲಿ ಆ ತುಣುಕಿನ ಯಾವ ಭಾಗ ನಿಜವಾಗಿ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿದವರಲ್ಲಿ ಸ್ವೆಟ್ಲಾನಾ ಮೊಯ್ಸೊವ್ ಮುಖ್ಯರು. ದಶಕಗಳ ಕಾಲ ಅವರ ಹೆಸರು ಹಿನ್ನೆಲೆಯಲ್ಲೇ ಉಳಿದಿತ್ತು. ಡೆನ್ಮಾರ್ಕಿನ ಯೆನ್ಸ್ ಹೋಲ್ಸ್ಟ್ ತಂಡವೂ ಅದೇ ಹೊತ್ತಿಗೆ ಅದೇ ಉತ್ತರಕ್ಕೆ ಬಂದಿತ್ತು. ವೈದ್ಯಕೀಯ ಸಂಶೋಧನೆಗೆ ಕೊಡುವ 2024ರ ಲಾಸ್ಕರ್ ಪ್ರಶಸ್ತಿ ಹ್ಯಾಬೆನರ್, ಮೊಯ್ಸೊವ್ ಮತ್ತು ಇದನ್ನು ಔಷಧವಾಗಿಸಿದ ಲೊಟ್ಟೆ ಬ್ಯೆರೆ ಕ್ನುಡ್ಸೆನ್ ಮೂವರಿಗೆ ಸೇರಿ ಬಂದಾಗ ಮೊಯ್ಸೊವ್ ಅವರಿಗೆ ಸಲ್ಲಬೇಕಾದದ್ದು ಸಂದಿತು ಎಂದು ನನ್ನ ಭಾವನೆ.

ಇನ್ನು ಮೇದೋಜೀರಕದ ಒಳಗೆ ನಡೆಯುವ ಕೆಲಸ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಕ್ಕೆ ಗ್ಲೂಕೋಸ್ ಒಳಬಂದು ಉರಿದಾಗ ಶಕ್ತಿ ಉತ್ಪತ್ತಿಯಾಗುತ್ತದೆ. ಆ ಶಕ್ತಿಯ ಮಟ್ಟ ಏರಿದಾಗ ಕೋಶದ ಗೋಡೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ದಾರಿ ಮುಚ್ಚಿಕೊಳ್ಳುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಕ್ಯಾಲ್ಸಿಯಂ ಬಂದೊಡನೆ ಇನ್ಸುಲಿನ್ ತುಂಬಿದ ಚೀಲಗಳು ಒಡೆದುಕೊಳ್ಳುತ್ತವೆ. ಜಿಎಲ್‌ಪಿ-1 ಮತ್ತು ಜಿಐಪಿ ಬೀಟಾ ಕೋಶದ ಹೊರಮೈಯಲ್ಲಿ ಸಂದೇಶ ಹಿಡಿಯುವ ತಂತಮ್ಮ ಗ್ರಾಹಕಗಳಿಗೆ (ರಿಸೆಪ್ಟರ್) ಅಂಟಿಕೊಂಡು ಒಳಗೆ ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ಹೆಚ್ಚಿಸುತ್ತವೆ. ಅದರಿಂದ, ಬಂದ ಕ್ಯಾಲ್ಸಿಯಂಗೆ ಹೆಚ್ಚು ಚೀಲಗಳು ಸ್ಪಂದಿಸುತ್ತವೆ. ಗಮನಿಸಬೇಕಾದದ್ದು ಈ ಕ್ರಮವನ್ನು. ಗ್ಲೂಕೋಸ್ ಮೊದಲು ಬಂದು ಕ್ಯಾಲ್ಸಿಯಂಗೆ ದಾರಿ ಮಾಡಿಕೊಟ್ಟಿರಬೇಕು. ಕೆರೆಯಲ್ಲಿ ನೀರಿದ್ದರಷ್ಟೇ ನೀರುಗಂಟಿ ತೂಬು ಎತ್ತಿದ್ದಕ್ಕೆ ಫಲ. ರಕ್ತದಲ್ಲಿ ಸಕ್ಕರೆ ಕಡಿಮೆಯಿದ್ದಾಗ ಕರುಳಿನ ಹಾರ್ಮೋನ್ ಎಷ್ಟಿದ್ದರೂ ಇನ್ಸುಲಿನ್ ಸುರಿಯುವುದಿಲ್ಲ.

ಈ ಒಂದು ಗುಣ ವೈದ್ಯಕೀಯವಾಗಿ ಎಷ್ಟು ದೊಡ್ಡದು ಎಂಬುದು ನಮ್ಮ ಮನೆಗಳ ಅನುಭವಕ್ಕೆ ಹತ್ತಿರದ ಗ್ಲಿಮೆಪಿರೈಡ್ ಮಾತ್ರೆಯ ಜೊತೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಆ ಗುಂಪಿನ ಮಾತ್ರೆಗಳು ಪೊಟ್ಯಾಸಿಯಂ ದಾರಿಯನ್ನು ತಾವೇ ಮುಚ್ಚಿಬಿಡುತ್ತವೆ. ಗ್ಲೂಕೋಸ್ ಇರಲಿ ಬಿಡಲಿ, ಇನ್ಸುಲಿನ್ ಹೊರಬರುತ್ತದೆ. ಮಾತ್ರೆ ನುಂಗಿ ಊಟ ತಡವಾದರೆ ಕೈ ನಡುಗಿ, ಮೈ ಬೆವರಿ, ‘ಲೋ ಶುಗರ್’ ಆಗುವುದು ಇದರಿಂದ. 1993ರಲ್ಲಿ ಜರ್ಮನಿಯ ಮೈಕೆಲ್ ನಾಕ್ ಮತ್ತು ಸಂಗಡಿಗರು ಸಕ್ಕರೆ ಹತೋಟಿಗೆ ಬಾರದಿದ್ದ ಟೈಪ್ 2 ರೋಗಿಗಳಿಗೆ ಬರಿಹೊಟ್ಟೆಯಲ್ಲಿ ಜಿಎಲ್‌ಪಿ-1 ಅನ್ನು ರಕ್ತನಾಳದ ಮೂಲಕ ಕೊಟ್ಟಾಗ, ಸುಮಾರು ನಾಲ್ಕು ಗಂಟೆಯಲ್ಲಿ ಸಕ್ಕರೆ ಸಹಜ ಮಟ್ಟಕ್ಕೆ ಬಂತು. ಹಾರ್ಮೋನ್ ಇನ್ನೂ ಹರಿಯುತ್ತಿದ್ದರೂ ಸಕ್ಕರೆ ಸಹಜಕ್ಕೆ ಇಳಿಯುತ್ತಿದ್ದಂತೆ ಇನ್ಸುಲಿನ್ ತಾನಾಗಿ ತಗ್ಗಿತು. ಇಡೀ ಔಷಧ ಕುಲದ ಭರವಸೆ ನಿಂತಿರುವುದು ಈ ಪ್ರಯೋಗದ ಮೇಲೆ ಎಂದರೂ ತಪ್ಪಿಲ್ಲ.

ಮೇದೋಜೀರಕದಲ್ಲಿ ಬೀಟಾ ಕೋಶಗಳ ಪಕ್ಕದಲ್ಲೇ ಆಲ್ಫಾ ಕೋಶಗಳಿವೆ. ಅವು ಬಿಡುವ ಗ್ಲುಕಗಾನ್ ಲಿವರ್‌ಗೆ ‘ಸಕ್ಕರೆ ಹೊರಬಿಡು’ ಎಂದು ಹೇಳುತ್ತದೆ. ಉಪವಾಸದಲ್ಲಿ ನಮ್ಮನ್ನು ಕಾಯುವುದು ಅದೇ. ಊಟವಾದ ಮೇಲೆ ಅದು ತಗ್ಗಬೇಕು. ಟೈಪ್ 2 ಕಾಯಿಲೆಯಲ್ಲಿ ತಗ್ಗುವುದಿಲ್ಲ, ಹೊಟ್ಟೆಗೆ ಅನ್ನ ಬಿದ್ದಿದ್ದರೂ ಲಿವರ್ ತನ್ನ ಪಾಲಿನ ಸಕ್ಕರೆಯನ್ನು ರಕ್ತಕ್ಕೆ ಸೇರಿಸುತ್ತಲೇ ಇರುತ್ತದೆ. ಊಟದ ನಂತರದ ಸಕ್ಕರೆ ಏರುವುದರಲ್ಲಿ ಇದರ ಪಾಲು ಸಣ್ಣದಲ್ಲ, ಆದರೆ ರೋಗಿಗಳಿಗೆ ಯಾರೂ ಇದನ್ನು ವಿವರಿಸುವುದಿಲ್ಲ. ಜಿಎಲ್‌ಪಿ-1 ಗ್ಲುಕಗಾನ್ ಅನ್ನು ತಗ್ಗಿಸುತ್ತದೆ, ಬಹುಪಾಲು ನೆರೆಯ ಡೆಲ್ಟಾ ಕೋಶಗಳಿಂದ ಸೊಮಾಟೊಸ್ಟಾಟಿನ್ ಎಂಬ ತಡೆಯೊಡ್ಡುವ ಹಾರ್ಮೋನ್ ಹೊರಡಿಸುವ ಮೂಲಕ. ಸಕ್ಕರೆ ತೀರಾ ಇಳಿದರೆ ಆ ತಡೆಯೂ ಸಡಿಲವಾಗುತ್ತದೆ. ಜಿಐಪಿ ಸ್ವಭಾವ ಬೇರೆ: ಸಕ್ಕರೆ ಕಡಿಮೆಯಿದ್ದಾಗ ಅದು ಗ್ಲುಕಗಾನ್ ಅನ್ನು ಏರಿಸುತ್ತದೆ. ಒಂದೇ ಕರುಳಿನಿಂದ ಹೊರಟ ಎರಡು ಹಾರ್ಮೋನ್‌ಗಳು ಬೀಟಾ ಕೋಶಕ್ಕೆ ಒಂದೇ ಮಾತು ಹೇಳಿ, ಆಲ್ಫಾ ಕೋಶಕ್ಕೆ ಬೇರೆ ಬೇರೆ ಮಾತು ಹೇಳುತ್ತವೆ.

ಇಷ್ಟೆಲ್ಲ ಮಾಡುವ ಜಿಎಲ್‌ಪಿ-1 ರಕ್ತದಲ್ಲಿ ಬಾಳುವುದು ಬಹಳ ಕಡಿಮೆ ಹೊತ್ತು. ಒಂದೆರಡು ನಿಮಿಷದಲ್ಲಿ ಅರ್ಧಕ್ಕರ್ಧ ಹಾಳಾಗುತ್ತದೆ. ಡಿಪಿಪಿ-4 ಎಂಬ ಕಿಣ್ವ ಅದರ ತುದಿಯಿಂದ ಎರಡು ಅಮೈನೋ ಆಮ್ಲ ಕತ್ತರಿಸಿಬಿಡುತ್ತದೆ. ಕರುಳಿನ ಲೋಮನಾಳ, ಅಂದರೆ ಕೂದಲೆಳೆಯಂಥ ರಕ್ತನಾಳ, ದಾಟುವ ಮೊದಲೇ ಬಹುಭಾಗ ಕತ್ತರಿಸಿಹೋಗಿ, ಅಲ್ಪ ಪಾಲು ಮಾತ್ರ ಮೇದೋಜೀರಕ ತಲುಪುತ್ತದೆ. ಹಾಗಾಗಿ ಹೊಟ್ಟೆಯನ್ನು ಮೆದುಳಿಗೆ ಜೋಡಿಸುವ ವೇಗಸ್ ನರದ, ಕರುಳಿನ ಬಳಿಯೇ ಇರುವ ತುದಿಗಳನ್ನು ಮುಟ್ಟಿ, ಮೆದುಳಿನ ಮೂಲಕವೂ ಇದು ಸಂದೇಶ ಕಳಿಸುತ್ತದೆ ಎಂಬ ವಾದಕ್ಕೆ ಬಲವಿದೆ. ಪಾವ್ಲೋವ್ ಅವರ ನರಗಳು ಕಥೆಯಿಂದ ಪೂರ್ತಿ ಹೊರಗೆ ಹೋಗಿಲ್ಲ.

ಔಷಧ ತಯಾರಕರ ಮುಂದೆ ಎರಡು ದಾರಿ ಇತ್ತು: ಕತ್ತರಿಸುವ ಕಿಣ್ವವನ್ನು ತಡೆಯುವುದು, ಇಲ್ಲವೇ ಕತ್ತರಿಸಲಾಗದ ಹಾರ್ಮೋನ್ ತಯಾರಿಸುವುದು. ಮೊದಲ ದಾರಿಯಲ್ಲಿ ಬಂದದ್ದು ‘ಗ್ಲಿಪ್ಟಿನ್’ ಮಾತ್ರೆಗಳು. 2006ರಲ್ಲಿ ಅಮೆರಿಕದಲ್ಲಿ ಸಿಟಾಗ್ಲಿಪ್ಟಿನ್ ಬಂತು. ನಮ್ಮಲ್ಲಿ ವಿಲ್ಡಾಗ್ಲಿಪ್ಟಿನ್ ಪೇಟೆಂಟ್ 2019ರ ಕೊನೆಗೆ, ಸಿಟಾಗ್ಲಿಪ್ಟಿನ್ ಪೇಟೆಂಟ್ 2022ರಲ್ಲಿ ಮುಗಿದು, ಟೆನೆಲಿಗ್ಲಿಪ್ಟಿನ್ ಮೊದಲೇ ಅಗ್ಗವಿದ್ದುದರಿಂದ, ಇವು ಸಣ್ಣ ಊರಿನ ಮೆಡಿಕಲ್ ಶಾಪಿನಲ್ಲೂ ಮಾಮೂಲಿ ಮಾತ್ರೆಗಳಾಗಿವೆ. ಎರಡನೇ ದಾರಿಗೆ ಮೊದಲ ಸುಳಿವು ಸಿಕ್ಕಿದ್ದು ಅಮೆರಿಕದ ಮರುಭೂಮಿಯ ಗೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಲ್ಲಿ. ಅದರ ವಿಷದಲ್ಲಿ ಜಿಎಲ್‌ಪಿ-1 ಹೋಲುವ, ಆದರೆ ಡಿಪಿಪಿ-4 ಮುಟ್ಟಲಾಗದ ಅಣುವನ್ನು ಜಾನ್ ಎಂಗ್ ಪತ್ತೆ ಮಾಡಿದರು. ಅದರಿಂದ ಬಂದ ಎಕ್ಸೆನಟೈಡ್‌ಗೆ 2005ರಲ್ಲಿ ಅನುಮತಿ ಸಿಕ್ಕಿತು. ಸೆಮಾಗ್ಲುಟೈಡ್ ಮನುಷ್ಯರ ಹಾರ್ಮೋನನ್ನೇ ತಿದ್ದಿ ಮಾಡಿದ್ದು. ಅದರಲ್ಲಿ ಕಿಣ್ವ ಕತ್ತರಿಸುವ ಜಾಗದ ಅಮೈನೋ ಆಮ್ಲ ಬದಲಾಗಿದೆ, ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವಂತೆ ಕೊಬ್ಬಿನ ಬಾಲವೊಂದು ಸೇರಿದೆ. ಒಂದೆರಡು ನಿಮಿಷದ ಆಯಸ್ಸು ಒಂದು ವಾರಕ್ಕೆ ಬೆಳೆಯಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಊಟದ ಹೊತ್ತಿಗೆ ಎದ್ದು, ಕರುಳಿನ ಸುತ್ತಮುತ್ತ ಕೆಲಸ ಮುಗಿಸಿ, ನಿಮಿಷಗಳಲ್ಲಿ ಮರೆಯಾಗುವ ಹಾರ್ಮೋನ್ ಒಂದು ಕಡೆ; ವಾರಪೂರ್ತಿ, ಹಗಲೂ ರಾತ್ರಿ, ಹಲವು ಪಟ್ಟು ಹೆಚ್ಚಿನ ಮಟ್ಟದಲ್ಲಿ ಇಡೀ ದೇಹದಲ್ಲಿ ಹರಿದಾಡುವ ಔಷಧ ಇನ್ನೊಂದು ಕಡೆ. ಇವೆರಡನ್ನೂ ಒಂದೇ ಎಂದು ಬಗೆದು, ‘ನಿಮ್ಮ ದೇಹದಲ್ಲೇ ಇರುವ ಹಾರ್ಮೋನ್ ತಾನೆ, ಸಹಜವಾದದ್ದು’ ಎಂದು ಮಾರಾಟದ ಮಾತಾಡುವುದು ಸರಿಯಲ್ಲ. ಹಸಿವು ತಗ್ಗುವುದು, ತೂಕ ಇಳಿಯುವುದು ಮೆದುಳಿನ ಮೇಲೆ ಈ ಎತ್ತರದ ಮಟ್ಟ ಮಾಡುವ ಪರಿಣಾಮ. ವಾಕರಿಕೆ, ವಾಂತಿ, ಮಲಬದ್ಧತೆ, ಪಿತ್ತಕೋಶದ ಕಲ್ಲು ಕೂಡ ಅದೇ ಮಟ್ಟದ ಬೆಲೆ. ಔಷಧ ನಿಲ್ಲಿಸಿದರೆ ಏನಾಗುತ್ತದೆ ಎಂಬುದೂ ಗೊತ್ತಿದೆ: ಸೆಮಾಗ್ಲುಟೈಡ್‌ನ ದೊಡ್ಡ ಅಧ್ಯಯನದಲ್ಲಿ 68 ವಾರಕ್ಕೆ ಸರಾಸರಿ ಶೇ 15ರಷ್ಟು ತೂಕ ಇಳಿಸಿಕೊಂಡವರಲ್ಲಿ, ನಿಲ್ಲಿಸಿದ ವರ್ಷದೊಳಗೆ ಇಳಿದದ್ದರ ಮೂರನೇ ಎರಡು ಭಾಗ ಮರಳಿ ಬಂದಿತ್ತು.

ಟೈಪ್ 2 ಕಾಯಿಲೆಯವರಲ್ಲಿ ಕರುಳಿನ ಸಂದೇಶ ಸೋಲುವುದು ಎಲ್ಲಿ? ಅವರಿಗೆ ಇನ್‌ಕ್ರೆಟಿನ್ ಪರಿಣಾಮ ಬಹಳ ಕುಗ್ಗಿರುತ್ತದೆ ಎಂಬುದನ್ನು ನಾಕ್ 1986ರಲ್ಲೇ ತೋರಿಸಿದ್ದರು. ಕುಡಿದ ಗ್ಲೂಕೋಸಿಗೂ ಡ್ರಿಪ್ಪಿನ ಗ್ಲೂಕೋಸಿಗೂ ಅವರ ಮೇದೋಜೀರಕ ಹೆಚ್ಚುಕಡಿಮೆ ಒಂದೇ ರೀತಿ ಸ್ಪಂದಿಸುತ್ತದೆ. ಕರುಳು ಹಾರ್ಮೋನ್ ಬಿಡುವುದನ್ನು ನಿಲ್ಲಿಸಿದೆಯೇ ಎಂದು ಅಳೆದರೆ, ಹೆಚ್ಚಿನವರಲ್ಲಿ ಜಿಐಪಿ, ಜಿಎಲ್‌ಪಿ-1 ಎರಡೂ ಸಾಕಷ್ಟು ಬರುತ್ತಿವೆ. ಕಿವುಡಾಗಿರುವುದು ಬೀಟಾ ಕೋಶ. ಆ ಕಿವುಡೂ ಪೂರ್ತಿಯಲ್ಲ. ಹೆಚ್ಚಿನ ಪ್ರಮಾಣದ ಜಿಎಲ್‌ಪಿ-1 ಕೊಟ್ಟರೆ ಇನ್ಸುಲಿನ್ ಬರುತ್ತದೆ, ಜಿಐಪಿ ಕೊಟ್ಟರೆ ಬಹುತೇಕ ಬರುವುದಿಲ್ಲ. ಈ ಕಾರಣಕ್ಕೆ ಎರಡು ದಶಕ ಜಿಐಪಿಯನ್ನು ಔಷಧ ಲೋಕ ಮೂಲೆಗೆ ಸರಿಸಿತ್ತು. ಆಮೇಲೆ, ಕೆಲವು ವಾರ ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು ಸಹಜದ ಹತ್ತಿರ ಇಟ್ಟರೆ ಬೀಟಾ ಕೋಶಗಳು ಜಿಐಪಿಗೂ ಮತ್ತೆ ಸ್ವಲ್ಪ ಸ್ಪಂದಿಸುತ್ತವೆ ಎಂಬುದು ಕಂಡುಬಂತು. ಏರಿದ ಸಕ್ಕರೆಯೇ ಆ ಕೋಶಗಳನ್ನು ಮಂಕಾಗಿಸಿತ್ತು. ಜಿಐಪಿ, ಜಿಎಲ್‌ಪಿ-1 ಎರಡೂ ಗ್ರಾಹಕಗಳ ಮೇಲೆ ಕೆಲಸ ಮಾಡುವ ಟಿರ್ಜೆಪಟೈಡ್ 2022ರಲ್ಲಿ ಬಂದು, ಸಕ್ಕರೆಯನ್ನೂ ತೂಕವನ್ನೂ ಸೆಮಾಗ್ಲುಟೈಡ್‌ಗಿಂತ ಹೆಚ್ಚು ಇಳಿಸಿತು. ವಿಚಿತ್ರವೆಂದರೆ ಜಿಐಪಿ ಗ್ರಾಹಕವನ್ನು ತಡೆಯುವ ಔಷಧವನ್ನು ಜಿಎಲ್‌ಪಿ-1 ಜೊತೆ ಸೇರಿಸಿದರೂ ತೂಕ ಇಳಿಯುತ್ತದೆ. ಪ್ರಚೋದಿಸಿದರೂ ತಡೆದರೂ ಒಂದೇ ಫಲ ಹೇಗೆ ಎಂಬುದು ಈ ಕ್ಷೇತ್ರದ ಬಿಸಿ ಚರ್ಚೆ.

ಕರುಳಿನ ಕೈ ಎಷ್ಟು ಉದ್ದ ಎನ್ನುವುದಕ್ಕೆ ಬೊಜ್ಜಿನ ಬೈಪಾಸ್ ಶಸ್ತ್ರಚಿಕಿತ್ಸೆಗಿಂತ ದೊಡ್ಡ ಸಾಕ್ಷಿ ಬೇಡ. ಆಹಾರ ಕರುಳಿನ ಮೊದಲ ಭಾಗ ತಪ್ಪಿಸಿ ಬೇಗನೆ ಕೆಳಗಿನ ‘ಎಲ್’ ಕೋಶಗಳನ್ನು ಮುಟ್ಟುವುದರಿಂದ ಊಟದ ನಂತರದ ಜಿಎಲ್‌ಪಿ-1 ಹಲವು ಪಟ್ಟು ಏರುತ್ತದೆ. ತೂಕ ಇಳಿಯುವುದಕ್ಕೆ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಸುಧಾರಿಸುವುದುಂಟು. ಕೆಲವರಲ್ಲಿ ವರ್ಷಗಳ ನಂತರ ಊಟವಾದ ಮೇಲೆ ಸಕ್ಕರೆ ಅಪಾಯಕರವಾಗಿ ಕುಸಿಯುತ್ತದೆ. ಜಿಎಲ್‌ಪಿ-1 ಗ್ರಾಹಕವನ್ನು ತಡೆದರೆ ಆ ಕುಸಿತ ನಿಲ್ಲುತ್ತದೆ.

ಶಸ್ತ್ರಚಿಕಿತ್ಸೆಯೂ ಬೇಡ, ಚುಚ್ಚುಮದ್ದೂ ಬೇಡ, ತಟ್ಟೆಯಲ್ಲಿನ ಕ್ರಮ ಬದಲಿಸಿದರೂ ಕರುಳಿನ ಸಂದೇಶ ಬದಲಾಗುತ್ತದೆ. ಜಪಾನಿನಲ್ಲಿ ಟೈಪ್ 2 ರೋಗಿಗಳಿಗೆ ಅನ್ನಕ್ಕೆ ಮೊದಲು ಮೀನು ಅಥವಾ ಮಾಂಸ ಕೊಟ್ಟಾಗ ಜಿಎಲ್‌ಪಿ-1 ಹೆಚ್ಚಿ, ಜಠರದಿಂದ ಅನ್ನ ಇಳಿಯುವುದು ನಿಧಾನವಾಗಿ, ಊಟದ ನಂತರದ ಸಕ್ಕರೆ ಕಡಿಮೆ ಏರಿತು. ತರಕಾರಿ ಮತ್ತು ಪ್ರೋಟೀನು ಮೊದಲು, ಬ್ರೆಡ್ ಆಮೇಲೆ ಎಂಬ ಅಮೆರಿಕದ ಸಣ್ಣ ಅಧ್ಯಯನದ ಫಲವೂ ಹಾಗೆಯೇ. ಬಾಳೆಲೆಯ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುವ ಪದ್ಧತಿ ನಮ್ಮಲ್ಲಿದೆ, ಆದರೆ ಅನ್ನ ಬರುವವರೆಗೆ ಅದನ್ನು ಮುಟ್ಟದೆ ಕೂರುತ್ತೇವೆ. ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಮೊಳಕೆ ಕಾಳಿನ ಉಸಲಿ, ಮೀನು ಅಥವಾ ಮೊಟ್ಟೆಯನ್ನು ಮೊದಲು ತಿಂದು, ಆಮೇಲೆ ಮುದ್ದೆಗೋ ಅನ್ನಕ್ಕೋ ಕೈ ಹಾಕುವುದು ಖರ್ಚಿಲ್ಲದ ಬದಲಾವಣೆ. ಔಷಧಕ್ಕೆ ಇದು ಸಮವಲ್ಲ, ಆದರೆ ಆಗುವುದು ಅದೇ ದಾರಿಯಲ್ಲಿ.

ಈ ವಿಷಯ ಈಗ ನಮ್ಮ ಬಾಗಿಲಿಗೆ ಬಂದಿರುವುದಕ್ಕೆ ಕಾರಣ ಬೆಲೆ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅಂದಾಜಿಸಿತು. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ಭಾರತಕ್ಕೆ ಬಂದಾಗ ಕಡಿಮೆ ಪ್ರಮಾಣದ ಒಂದು ವಯಲ್‌ಗೆ 3,500 ರೂಪಾಯಿ, ಅಂದರೆ ವಾರಕ್ಕೊಂದರಂತೆ ತಿಂಗಳಿಗೆ 14,000 ರೂಪಾಯಿ. ಸೆಮಾಗ್ಲುಟೈಡ್ ಪೇಟೆಂಟ್ ಅವಧಿ 2026ರ ಮಾರ್ಚ್‌ಗೆ ಮುಗಿಯುವುದರೊಂದಿಗೆ ದೇಸಿ ಕಂಪನಿಗಳಿಗೆ ದಾರಿ ತೆರೆದಿದೆ. ಬೆಲೆ ಇಳಿಯಲಿ, ಇಳಿಯಬೇಕು. ಹೃದಯಾಘಾತ, ಪಾರ್ಶ್ವವಾಯು, ಕಿಡ್ನಿ ಹಾನಿಯ ಅಪಾಯವನ್ನು ತಗ್ಗಿಸುವ ಔಷಧ ಶ್ರೀಮಂತರ ಸೊತ್ತಾಗಿ ಉಳಿಯಬಾರದು. ಆದರೆ ಅಗ್ಗವಾದಾಗ ಅದು ಸಿಗುವುದು ತಜ್ಞ ವೈದ್ಯರ ಕೊಠಡಿಯಲ್ಲಷ್ಟೇ ಅಲ್ಲ, ಹಾಗಾಗಿ ಮೇದೋಜೀರಕದ ಲೆಕ್ಕ ರೋಗಿಗಳಿಗೂ ತಿಳಿದಿರಬೇಕು.

ಚುಚ್ಚುಮದ್ದು ಶುರು ಮಾಡುವ ದಿನ ಮನೆಯಲ್ಲಿರುವ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಓದಿ. ಹೆಸರಿನ ಕೊನೆಯಲ್ಲಿ ‘ಗ್ಲಿಪ್ಟಿನ್’ ಇದ್ದರೆ ಆ ಮಾತ್ರೆ ಜೊತೆಗೆ ಬೇಕಿಲ್ಲ; ಎರಡೂ ಒಂದೇ ದಾರಿಯ ಔಷಧಗಳು, ಜೊತೆಯಲ್ಲಿ ತೆಗೆದುಕೊಂಡರೆ ಹೆಚ್ಚಿನ ಲಾಭವಿಲ್ಲ, ದುಡ್ಡು ದಂಡ. ಮೆಟ್‌ಫಾರ್ಮಿನ್ ಜೊತೆ ಬೆರೆತ ಮಾತ್ರೆಗಳಲ್ಲಿ ಇದು ಕಣ್ತಪ್ಪುವುದು ಸುಲಭ. ‘ಗ್ಲಿಮೆಪಿರೈಡ್’ ಅಥವಾ ‘ಗ್ಲಿಕ್ಲಜೈಡ್’ ಎಂದಿದ್ದರೆ ಅದರ ಪ್ರಮಾಣ ತಗ್ಗಿಸಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಸಕ್ಕರೆ ಕಡಿಮೆಯಾದಾಗ ತಾನಾಗಿ ಹಿಂದೆ ಸರಿಯುವ ಗುಣ ಚುಚ್ಚುಮದ್ದಿಗಿದೆ, ಈ ಮಾತ್ರೆಗಳಿಗಿಲ್ಲ. ಹಸಿವು ತಗ್ಗಿ ಊಟ ಕಡಿಮೆಯಾದ ದಿನ ಲೋ ಶುಗರ್ ಆಗುವುದು ಇವುಗಳಿಂದ.

ಎಲ್ಲಕ್ಕಿಂತ ಅಪಾಯದ್ದು ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ‘ವಾರಕ್ಕೊಂದು ಚುಚ್ಚಿಕೊಂಡರೆ ದಿನದ ಇನ್ಸುಲಿನ್ ಬೇಡ’ ಎಂದು ತಾವೇ ನಿಲ್ಲಿಸುವುದು. ಹಾಗೆ ಏಕಾಏಕಿ ನಿಲ್ಲಿಸಿದವರು, ತಗ್ಗಿಸಿದವರು ಕೀಟೋಆಸಿಡೋಸಿಸ್ ಎಂಬ ಜೀವಕ್ಕೇ ಕುತ್ತಾಗುವ ಸ್ಥಿತಿಗೆ ಹೋದ ಪ್ರಕರಣಗಳನ್ನು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲೇ ಎಚ್ಚರಿಕೆಯಾಗಿ ಪ್ರಕಟಿಸಿತ್ತು. ಟೈಪ್ 1 ಕಾಯಿಲೆಯಲ್ಲಿ ಬೀಟಾ ಕೋಶಗಳು ಬಹುತೇಕ ನಾಶವಾಗಿರುತ್ತವೆ. ಹಲವು ವರ್ಷದ ಟೈಪ್ 2 ಕಾಯಿಲೆಯಲ್ಲಿ, ಅದರಲ್ಲೂ ತೆಳ್ಳಗಿದ್ದೂ ಸಕ್ಕರೆ ಬಂದವರಲ್ಲಿ, ಉಳಿದಿರುವುದು ಸ್ವಲ್ಪವೇ ಇರಬಹುದು. ನಮ್ಮ ದೇಶದಲ್ಲಿ ಅಂಥವರು ಕಡಿಮೆಯಿಲ್ಲ. ಕೋಶ ಎಷ್ಟು ಉಳಿದಿದೆ ಎಂಬುದರ ಅಂದಾಜು ಸಿ-ಪೆಪ್ಟೈಡ್ ಎಂಬ ರಕ್ತ ಪರೀಕ್ಷೆಯಿಂದ ಸಿಗುತ್ತದೆ, ಏಕೆಂದರೆ ದೇಹ ತಾನೇ ತಯಾರಿಸುವ ಪ್ರತಿ ಇನ್ಸುಲಿನ್ ಅಣುವಿನ ಜೊತೆ ಒಂದು ಸಿ-ಪೆಪ್ಟೈಡ್ ಹೊರಬರುತ್ತದೆ, ಹೊರಗಿಂದ ಚುಚ್ಚಿದ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ. ಇನ್ಸುಲಿನ್ ಮೇಲೆ ಇರುವವರು ಹೊಸ ಚುಚ್ಚುಮದ್ದಿಗೆ ಬದಲಾಗುವ ಮುನ್ನ ಈ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಫಲಿತಾಂಶ ತೀರಾ ಕಡಿಮೆ ಬಂದರೆ, ಜಾಹೀರಾತು ಏನೇ ಹೇಳಲಿ, ಇನ್ಸುಲಿನ್ ನಿಲ್ಲಿಸಬೇಡಿ.